'ಆಗ್ತಾ ಇದೆ ಮೇಡಂ'

ಹೊಸದಾಗಿ ಕೆಲಸಕ್ಕೆ ಸೇರಿದವರ ಬಾಯಲ್ಲಿ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದು. ಸೋಮವಾರ ಕೇಳಿದರೂ ಅದೇ, ಬುಧವಾರ ಕೇಳಿದರೂ ಅದೇ. ಶುಕ್ರವಾರ ಸಂಜೆ, ರಿಪೋರ್ಟ್ ಕಳಿಸೋಕೆ ಒಂದು ಗಂಟೆ ಇರುವಾಗ ಗೊತ್ತಾಗುತ್ತದೆ, ಕೆಲಸ ಮಂಗಳವಾರವೇ ನಿಂತುಹೋಗಿತ್ತು ಅಂತ.

ಕೆಲವು ತಿಂಗಳ ಹಿಂದೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಯ ವಿಷಯದಲ್ಲಿ ಹೀಗೇ ಆಯ್ತು. ಆ ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಎರಡು ಶೀಟುಗಳ ಲೆಕ್ಕ ತಾಳೆ ಆಗುತ್ತಿರಲಿಲ್ಲ. ಒಂದರಲ್ಲಿ ತಾರೀಕು ಮೊದಲು, ತಿಂಗಳು ಆಮೇಲೆ. ಇನ್ನೊಂದರಲ್ಲಿ ಉಲ್ಟಾ. ಹತ್ತು ನಿಮಿಷದಲ್ಲಿ ಸರಿಹೋಯ್ತು. ಅದಕ್ಕೆ ಅವಳು ಮೂರು ದಿನ ಒಬ್ಬಳೇ ಒದ್ದಾಡಿದ್ದಳು.

"ಯಾಕಮ್ಮಾ ಕೇಳಲಿಲ್ಲ?"

"ಇಷ್ಟೂ ಗೊತ್ತಿಲ್ವಾ ಅಂದ್ಕೋತೀರೇನೋ ಅಂತ..."

ಆ ಮಾತು ಇನ್ನೂ ಮನಸ್ಸಲ್ಲಿ ಚುಚ್ಚುತ್ತಿದೆ. ಸೇರಿದ ಮೊದಲ ವಾರ ಅವಳಿಗೆ ನಾವು ಹೇಳಿಕೊಟ್ಟಿದ್ದೇನು? ಟೈಮಿಗೆ ಬಾ, ನೀಟಾಗಿ ಬಾ, ಮೇಲ್‌ನಲ್ಲಿ ಯಾರನ್ನು ಸಿಸಿಗೆ ಹಾಕಬೇಕು ನೋಡಿಕೋ. ಅದೂ ಬೇಕು. ಆದರೆ ಅದನ್ನೆಲ್ಲ ಅಕ್ಕಪಕ್ಕದವರನ್ನು ನೋಡಿಯೇ ಕಲಿಯುತ್ತಾರೆ. ಹಾಗೆ ನೋಡಿ ಕಲಿಯೋಕೆ ಆಗದೇ ಇರೋದು ಒಂದಿದೆ: ಕೆಟ್ಟ ಸುದ್ದಿಯನ್ನು ಬೇಗ ಹೇಳೋದು. "ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಇಷ್ಟೆಲ್ಲ ಮಾಡಿ ನೋಡಿದೆ. ಶುಕ್ರವಾರಕ್ಕೆ ಆಗೋದು ಅನುಮಾನ." ನನ್ನ ಪ್ರಕಾರ ಪ್ರೊಫೆಷನಲಿಸಂನ ಮುಕ್ಕಾಲು ಭಾಗ ಈ ಮೂರು ಮಾತಲ್ಲೇ ಇದೆ. ಹೇಳುವವರಿಗೆ ಅದು ತಮ್ಮ ಸೋಲು ಅನ್ನಿಸುತ್ತದೆ. ಕೇಳುವವರಿಗೆ ಅದು ಕೈಯಲ್ಲಿ ಇನ್ನೂ ಮೂರು ದಿನ ಉಳಿದಂತೆ.

ಹೇಳೋದಷ್ಟೇ ಕಲಿಸಿದರೆ ಸಾಲದು, ಅಲ್ವಾ? ಕೇಳುವವರೂ ಇರಬೇಕಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಕೆಎಲ್‌ಎಂ ವಿಮಾನ ಟೇಕಾಫ್‌ಗೆ ಓಡತೊಡಗಿತ್ತು. ಪ್ಯಾನ್ ಆಮ್ ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವೇನೋ ಅಂತ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಕೇಳಿಯೂ ಕೇಳಿದರು. ಹಿರಿಯ ಕ್ಯಾಪ್ಟನ್ ಹೋಗಿದೆ ಅಂತ ಗಟ್ಟಿಯಾಗಿ ಅಂದುಬಿಟ್ಟರು. ಮಾತು ಅಲ್ಲಿಗೇ ನಿಂತಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಂಥ ದುರಂತಗಳ ನಂತರವೇ ಪೈಲಟ್‌ಗಳ ತರಬೇತಿ ಬದಲಾಗಿದ್ದು. ಕಿರಿಯರಿಗೆ ಬಾಯಿಬಿಟ್ಟು ಹೇಳೋದನ್ನು ಕಲಿಸಿದರು. ಕ್ಯಾಪ್ಟನ್‌ಗಳಿಗೆ ಕಿವಿಗೊಡೋದನ್ನೂ ಕಲಿಸಿದರು.

ನಮ್ಮ ಆಫೀಸುಗಳಲ್ಲಿ ಈ ಎರಡನೇ ಪಾಠವೇ ಇಲ್ಲ. "ಈಗಿನ ಹುಡುಗರಿಗೆ ಜವಾಬ್ದಾರಿನೇ ಇಲ್ಲ" ಅನ್ನುವವರು, ಹುಡುಗರು ತಪ್ಪು ಒಪ್ಪಿಕೊಂಡ ದಿನ ತಮ್ಮ ಮುಖ ಹೇಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಲಿ. ಎಲ್ಲರೆದುರು ಒಂದೇ ಒಂದು ಸಲ ಗದರಿದರೆ ಸಾಕು, ಆರು ತಿಂಗಳು ಇಡೀ ಟೀಮ್ "ಆಗ್ತಾ ಇದೆ" ಅನ್ನುತ್ತಲೇ ಇರುತ್ತದೆ. ನಾನೂ ಗದರಿದ್ದೇನೆ. ಅದಕ್ಕೆ ಇವತ್ತಿಗೂ ಬೇಜಾರಿದೆ.

ಈಗ "ಎಲ್ಲಿಗೆ ಬಂತು?" ಅಂತ ಕೇಳೋದನ್ನೇ ಬಿಟ್ಟಿದ್ದೇನೆ. "ಎಲ್ಲಿ ಸಿಕ್ಕಿಹಾಕಿಕೊಂಡಿದೆ, ತೋರಿಸು" ಅನ್ನುತ್ತೇನೆ. ಅರ್ಧ ಗಂಟೆ ನೀನೇ ಒದ್ದಾಡು, ಆಮೇಲೆ ಸುಮ್ನೆ ಕೂರಬೇಡ, ಬಂದು ಕೇಳು ಅಂತ ಎಲ್ಲರಿಗೂ ಹೇಳಿದ್ದೇನೆ.

ಹೋದ ವಾರ ಅದೇ ಹುಡುಗಿ ಮಂಗಳವಾರ ಬೆಳಿಗ್ಗೆಯೇ ಬಂದಳು. "ಮೇಡಂ, ಇದು ಶುಕ್ರವಾರಕ್ಕೆ ಆಗಲ್ಲ. ಯಾಕೆ ಅಂತ ತೋರಿಸ್ಲಾ?" ಅಂದಳು. ನೋಡಿದೆ, ಅವಳು ಹೇಳಿದ್ದು ಸರಿ ಇತ್ತು. ಅವತ್ತೇ ಕ್ಲೈಂಟ್‌ಗೆ ಫೋನ್ ಮಾಡಿ ಎರಡು ದಿನ ಜಾಸ್ತಿ ಕೇಳಿದೆ. ಕೊಟ್ಟರು.