ಡಿಸಿ ಜನರ ಓಟಿನ ಮಾತು

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿಸಿ ಯಾವ ರಾಜ್ಯಕ್ಕೂ ಸೇರಿಲ್ಲ. ಅದನ್ನು ರಾಜ್ಯ ಮಾಡಿದರೆ ಡೆಮಾಕ್ರಾಟ್ ಪಕ್ಷಕ್ಕೆ ಸುಮ್ನೆ ಎರಡು ಸೆನೆಟ್ (ಮೇಲ್ಮನೆ, ರಾಜ್ಯಕ್ಕೆ ಇಬ್ಬರು) ಸೀಟು ಸಿಗುತ್ತದೆ, ಅದಕ್ಕೇ ಬೇಡ ಅನ್ನುವ ಲೇಖನವೊಂದನ್ನು ಓದಿದೆ. ಜನ ಯಾರಿಗೆ ಓಟು ಹಾಕುತ್ತಾರೆ ಅಂತ ನೋಡಿಕೊಂಡು ಅವರಿಗೆ ಓಟಿನ ಹಕ್ಕು ಕೊಡಬೇಕಾ ಬೇಡವಾ ಅಂತ ತೀರ್ಮಾನಿಸುವುದು ಯಾವ ನ್ಯಾಯ?

2020ರ ಜನಗಣತಿಯಲ್ಲಿ ಡಿಸಿಯಲ್ಲಿದ್ದವರು 6.89 ಲಕ್ಷ, ವಯೋಮಿಂಗ್ ರಾಜ್ಯದಲ್ಲಿ 5.76 ಲಕ್ಷ. ವಯೋಮಿಂಗ್‌ಗೆ ಇಬ್ಬರು ಸೆನೆಟರ್, ಡಿಸಿಗೆ ಒಬ್ಬರೂ ಇಲ್ಲ. ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಇದ್ದಾರೆ, ಮಾತಾಡಬಹುದು, ಮಸೂದೆ ಪಾಸಾಗುವ ಹೊತ್ತಿಗೆ ಓಟು ಹಾಕುವಂತಿಲ್ಲ. ಆದರೆ ಫೆಡರಲ್ ತೆರಿಗೆ ಮಾತ್ರ ಎಲ್ಲರಂತೆ ಕಟ್ಟಬೇಕು. ಅಲ್ಲಿನ ಅನೇಕ ಕಾರುಗಳ ನಂಬರ್ ಪ್ಲೇಟ್ ಗಮನಿಸಿ. ನಂಬರಿನ ಕೆಳಗೇ ‘ಪ್ರಾತಿನಿಧ್ಯವಿಲ್ಲದ ತೆರಿಗೆ ನಿಲ್ಲಿಸಿ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. 2023ರಲ್ಲಿ ಡಿಸಿಯವರದೇ ನಗರ ಕೌನ್ಸಿಲ್ ಮಾಡಿದ ಅಪರಾಧ ಕಾನೂನನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ರದ್ದು ಮಾಡಿತು. ಹೊಟ್ಟೆ ಉರಿಯುವುದಿಲ್ವಾ?

ಸೀಟಿನ ಲೆಕ್ಕಾಚಾರ ಹೊಸದೇನೂ ಅಲ್ಲ. 1889ರಲ್ಲಿ ಡಕೋಟಾ ಪ್ರಾಂತ್ಯವನ್ನು ಒಡೆದು ಎರಡು ರಾಜ್ಯ ಮಾಡಿದರು. ಇಬ್ಬರು ಸೆನೆಟರ್ ಬರಬೇಕಾದ ಕಡೆ ನಾಲ್ವರು ಬಂದರು, ಲಾಭ ಆಗಿದ್ದು ಡೆಮಾಕ್ರಾಟರ ಎದುರಾಳಿಗಳಾದ ರಿಪಬ್ಲಿಕನ್ನರಿಗೆ.

ರಾಜ್ಯವಾಗದ ಇನ್ನೊಂದು ಅಮೆರಿಕನ್ ಪ್ರದೇಶ ಪೋರ್ಟೊ ರಿಕೊ ದ್ವೀಪದ ವಿಷಯ ಬೇರೆ, ರಾಜ್ಯ ಆಗಬೇಕಾ ಅಂತ ಅಲ್ಲಿನವರಲ್ಲೇ ಒಮ್ಮತ ಇಲ್ಲ. ಡಿಸಿಯಲ್ಲಿ 2016ರಲ್ಲೇ ಮತ ಹಾಕಿದವರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಜನ ರಾಜ್ಯ ಬೇಕು ಅಂದಿದ್ದಾರೆ.