ಹಲ್ಲು ನಮ್ಮನ್ನು ದಾಟಿ ಹೋಯಿತು

ಓಡುವುದರಲ್ಲಿ ನನಗಿದ್ದ ಅನುಭವ ಎಂದರೆ ಹೊರಟ ಬಸ್ಸಿನ ಹಿಂದೆ ಓಡಿದ್ದು. ಅದರಲ್ಲೂ ಹೆಚ್ಚಿನ ಸಲ ಬಸ್ಸೇ ಗೆದ್ದಿದೆ. ಅಂಥ ನನ್ನನ್ನು ಹಾಫ್ ಮ್ಯಾರಥಾನಿಗೆ ಸೇರಿಸಿದ್ದು ಕ್ಯಾಪ್ಟನ್. ಅವನು ಯಾವ ತಂಡಕ್ಕೂ ಕ್ಯಾಪ್ಟನ್ ಅಲ್ಲ. ನಾಲ್ಕು ಜನರ ನಮ್ಮ ವಾಟ್ಸ್ಆಪ್ ಗುಂಪಿಗೆ ಅಡ್ಮಿನ್, ಅಷ್ಟೇ. ಒಂದು ರಾತ್ರಿ ಮೆಸೇಜ್ ಹಾಕಿದ: "ಬಡ ಮಕ್ಕಳ ಕಣ್ಣಿನ ಆಪರೇಷನ್ನಿಗೆ ಹಣ ಕೂಡಿಸೋ ಓಟ. ನಾಲ್ಕೂ ಜನರ ಹೆಸರು ಕೊಟ್ಟಿದ್ದೀನಿ. ಬೇಡ ಅನ್ನೋರು ಈಗಲೇ ಹೇಳಿ."

ಮಕ್ಕಳು, ಕಣ್ಣು, ಆಪರೇಷನ್. ಈ ಮೂರೂ ಒಟ್ಟಿಗೆ ಬಂದಮೇಲೆ 'ಬೇಡ' ಅನ್ನಲು ಯಾರಿಗೆ ಬಾಯಿ ಬರುತ್ತದೆ? ಮೂವರೂ ಹೆಬ್ಬೆರಳು ಎತ್ತಿದೆವು. ಎಷ್ಟು ದೂರ ಅಂತ ಆಮೇಲೆ ಕೇಳಿದೆವು.

21.0975 ಕಿಲೋಮೀಟರ್.

"ಇಪ್ಪತ್ತೊಂದು ಸರಿ, ಹಿಂದೆ ಅದೇನೋ ಬಾಲ?" ಅಂದೆ. "ಫುಲ್ ಮ್ಯಾರಥಾನ್ 42.195 ಅಲ್ವಾ, ಅದರ ಅರ್ಧ ಕಣೋ" ಅಂದ ಕ್ಯಾಪ್ಟನ್. ಆ ಬಾಲದ ಕಥೆ ನನಗೆ ಇಪ್ಪತ್ತನೇ ಕಿಲೋಮೀಟರಿನಲ್ಲಿ ಗೊತ್ತಾಯಿತು. ಅಲ್ಲಿಗೆ ಆಮೇಲೆ ಬರುತ್ತೇನೆ. ಓಡುವಾಗಲೂ ಅಲ್ಲಿಗೆ ಬರಲು ಬಹಳ ಹೊತ್ತಾಯಿತು.

ಓಡುವ ಮೊದಲು ಹಣ ಎತ್ತಬೇಕು. ಇದು ನನಗೆ ಹೊಸ ವಿದ್ಯೆ. ನೆಂಟರು, ಆಫೀಸಿನವರು, ಹತ್ತು ವರ್ಷದಿಂದ ಮಾತಾಡಿಸದ ಕ್ಲಾಸ್‌ಮೇಟುಗಳು, ಎಲ್ಲರಿಗೂ ಕೈಚಾಚಿದೆ. ಕೊಟ್ಟರು, ಪಾಪ. ಆದರೆ ಕೊಟ್ಟವರು ಅಲ್ಲಿಗೆ ಬಿಡುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ, "ಏನು, ಇವತ್ತು ಓಡಿದ್ರಾ?" ನಾನು ಕುರ್ಚಿಯಲ್ಲಿ ಒರಗಿ ಕೂತಿದ್ದರೆ, "ಓಟ ಯಾವಾಗ?" ಸಾಲ ಕೊಟ್ಟವರು ಕೂಡ ಇಷ್ಟು ಪ್ರೀತಿಯಿಂದ ವಿಚಾರಿಸುವುದಿಲ್ಲ. ಕಾಲು ನೋವು, ಮನೆಯಲ್ಲಿ ಮದುವೆ ಎಂದೆಲ್ಲ ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ ನೆವಗಳು ಹಣ ಬಂದ ದಿನವೇ ಕೆಲಸಕ್ಕೆ ಬಾರದೆ ಹೋದವು.

ಎಲ್ಲರಿಗಿಂತ ಹೆದರಿಸಿದವರು ಮೇಲಿನ ಮನೆಯ ರಾಯರು. ಅವರು ರಿಟೈರ್ಡ್ ಆಡಿಟರ್. "ಸುಮ್ನೆ ಕೊಡಲ್ಲ ಕಣ್ರೀ. ಕಿಲೋಮೀಟರಿಗೆ ಇಷ್ಟು ಅಂತ ಕೊಡ್ತೀನಿ. ಹದಿನಾಲ್ಕಕ್ಕೆ ನಿಂತ್ರೆ ಹದಿನಾಲ್ಕಕ್ಕೆ. ಪೂರ್ತಿ ಓಡಿದ್ರೆ ಪೂರ್ತಿ. ದಾಖಲೆ ತರಬೇಕು" ಅಂದರು. ಕಿಲೋಮೀಟರಿಗೆ ಅವರು ಹೇಳಿದ ಮೊತ್ತ ಸಣ್ಣದೇನಲ್ಲ. ನಾನು ನಿಂತಲ್ಲೆಲ್ಲ ಯಾವುದೋ ಮಗುವಿನ ಕಣ್ಣು ಅರ್ಧ ಮುಚ್ಚಿದ ಹಾಗೆ ಅನ್ನಿಸುವಂತೆ ಮಾಡಿಬಿಟ್ಟರು ಪುಣ್ಯಾತ್ಮರು.

ತಯಾರಿಗೆ ಹನ್ನೆರಡು ವಾರದ ಪಟ್ಟಿ ಸಿಕ್ಕಿತು. ನಮ್ಮ ಗುಂಪಿನಲ್ಲಿ ಡಾಕ್ಟರ್ ಅಂತ ಒಬ್ಬನಿದ್ದಾನೆ. ಅವನು ಡಾಕ್ಟರ್ ಅಲ್ಲ. ಮೊಬೈಲಿನಲ್ಲಿ ಓದಿದ್ದನ್ನು ಎಲ್ಲರಿಗೂ ಬರೆದುಕೊಡುತ್ತಾನೆ, ಅದಕ್ಕೆ ಆ ಹೆಸರು. ಓಟದ ಮೊದಲು ಪಿಷ್ಟ ಜಾಸ್ತಿ ತಿನ್ನಬೇಕು, ಅದು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ ಕೂರುತ್ತದೆ, ಅದಕ್ಕೆ ಕಾರ್ಬ್ ಲೋಡಿಂಗ್ ಅನ್ನುತ್ತಾರೆ ಎಂದ. ಎರಡು ಮೂರು ದಿನ ಮುಂಚೆ ಶುರು ಮಾಡಿದರೆ ಸಾಕಂತೆ. ನನ್ನದು ಹದಿನೈದು ವರ್ಷದಿಂದ ನಡೆಯುತ್ತಿತ್ತು. ಕೊನೆಯ ಒಂದೆರಡು ವಾರ ಓಡುವುದನ್ನು ಕಮ್ಮಿ ಮಾಡಿ ಕಾಲಿಗೆ ವಿಶ್ರಾಂತಿ ಕೊಡಬೇಕು, ಅದು ಟೇಪರಿಂಗ್. ಇಡೀ ಪಟ್ಟಿಯಲ್ಲಿ ನಾನು ಒಂದು ದಿನವೂ ತಪ್ಪಿಸದೆ ಮಾಡಿದ್ದು ಅದೊಂದನ್ನೇ.

ನಾಲ್ಕನೆಯವಳು ಮೌನಿ. ಅವಳು ಪಟ್ಟಿ ನೋಡಿದಳು, ಏನೂ ಹೇಳಲಿಲ್ಲ, ದಿನಾ ಬೆಳಿಗ್ಗೆ ಎದ್ದು ಓಡಿದಳು. ಇಂಥವರ ಜೊತೆ ಗೆಳೆತನ ಕಷ್ಟ.

ಹಿಂದಿನ ರಾತ್ರಿ ಬಿಬ್ ಹಚ್ಚುವ ಕೆಲಸ. ಬಿಬ್ ಅಂದರೆ ಎದೆಯ ಮೇಲಿನ ನಂಬರ್ ಚೀಟಿ. ಅದರ ಹಿಂದೆ ಸಮಯ ಅಳೆಯುವ ಪುಟ್ಟ ಚಿಪ್ ಇರುತ್ತದೆ. ಜೊತೆಗೆ ನಾಲ್ಕು ಪಿನ್ನು ಕೊಡುತ್ತಾರೆ. ಟೀ ಶರ್ಟನ್ನು ಹಾಸಿಗೆ ಮೇಲೆ ಹರಡಿ, ಸ್ಕೇಲ್ ಇಟ್ಟು, ಒಂದು ಗೆರೆಯೂ ಓರೆಯಾಗದಂತೆ ಚುಚ್ಚಿದೆ. ಫೋಟೋ ತೆಗೆದು ಗುಂಪಿಗೂ ಹಾಕಿದೆ. ಬೆಳಗಿನ ಜಾವ ನಾಲ್ಕಕ್ಕೆ ಕತ್ತಲಲ್ಲಿ ಶರ್ಟ್ ಹಾಕಿಕೊಳ್ಳಲು ಹೋದರೆ ತಲೆ ಒಳಗೆ ಹೋಯಿತು, ಆಚೆ ಬರಲಿಲ್ಲ. ಮುಂಭಾಗ, ಹಿಂಭಾಗ ಎರಡನ್ನೂ ಸೇರಿಸಿ ಚುಚ್ಚಿಬಿಟ್ಟಿದ್ದೆ. ಎರಡೂ ಕೈ ಮೇಲೆತ್ತಿಕೊಂಡು, ಮುಖದ ಮೇಲೆ ಬಟ್ಟೆ ಹೊದ್ದು, ಹೆಂಡತಿಯನ್ನು ಕರೆದೆ. ಅವಳು ದೀಪ ಹಾಕಿ ಒಂದು ನಿಮಿಷ ಸುಮ್ಮನೆ ನೋಡಿದಳು. "ಇನ್ನೂ ಓಟ ಶುರುವಾಗಿಲ್ಲ ಅಲ್ವಾ?" ಅಂದಳು.

ಓಟದ ಜಾಗದಲ್ಲಿ ಮೊದಲು ಕಂಡದ್ದು ಸಾಲು. ಶೌಚಾಲಯದ ಸಾಲು. ಸಾವಿರಾರು ಜನ, ಎಲ್ಲರಿಗೂ ಗಾಬರಿ, ಎಲ್ಲರೂ ಬೆಳಿಗ್ಗೆ ಎದ್ದು ಲೀಟರುಗಟ್ಟಲೆ ನೀರು ಕುಡಿದು ಬಂದವರು. ಆ ಸಾಲಿನಲ್ಲಿ ಯಾರೂ ಯಾರಿಗೂ ದಾರಿ ಬಿಡುವುದಿಲ್ಲ. ದಾನಧರ್ಮದ ಓಟ ನಿಜ, ಆದರೆ ಧರ್ಮ ಸ್ಟಾರ್ಟ್ ಗೆರೆಯಿಂದಾಚೆ ಶುರುವಾಗುತ್ತದೆ. ನಾವು ಆಚೆ ಬರುವಷ್ಟರಲ್ಲಿ ಓಟಕ್ಕೆ ಚಾಲನೆ ಕೊಟ್ಟು ಹನ್ನೊಂದು ನಿಮಿಷ ಆಗಿತ್ತು. "ಏನಾಗಲ್ಲ, ಸ್ಟಾರ್ಟ್ ಮ್ಯಾಟ್ ತುಳಿದಾಗಲೇ ನಮ್ಮ ಚಿಪ್ ಟೈಮ್ ಶುರುವಾಗೋದು" ಎಂದು ಡಾಕ್ಟರ್ ಸಮಾಧಾನ ಹೇಳಿದ. ಮೌನಿ ಅಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಮುಂದಿದ್ದಳು.

ಮೊದಲ ಎರಡು ಕಿಲೋಮೀಟರ್ ನಾನು ಹಾರಿದೆ. ಸುತ್ತ ಡೋಲು, ಚಪ್ಪಾಳೆ, ಗುರುತಿಲ್ಲದವರೆಲ್ಲ ಬೋರ್ಡ್ ಹಿಡಿದು ಹುರಿದುಂಬಿಸುತ್ತಿದ್ದರು. 'ಇಷ್ಟೇನಾ ಮ್ಯಾರಥಾನು' ಅನ್ನಿಸಿತು. ಎಲ್ಲ ಹೊಸಬರೂ ಮಾಡುವ ತಪ್ಪು ಇದಂತೆ. ಶುರುವಿನಲ್ಲಿ ಖರ್ಚು ಮಾಡಿದ್ದನ್ನು ಕೊನೆಯಲ್ಲಿ ಬಡ್ಡಿ ಸಮೇತ ಕಟ್ಟಬೇಕು. ನನ್ನ ಬಡ್ಡಿ ಐದನೇ ಕಿಲೋಮೀಟರಿಗೇ ಶುರುವಾಯಿತು.

ನೀರಿನ ಮೇಜುಗಳು ಬಂದವು. ಓಡುತ್ತಾ ಕಾಗದದ ಲೋಟದಲ್ಲಿ ನೀರು ಕುಡಿಯುವುದು ಒಂದು ಕಲೆ. ಲೋಟದ ಬಾಯಿಯನ್ನು ಹಿಸುಕಿ ಕೊಕ್ಕಿನ ಹಾಗೆ ಮಾಡಿಕೊಂಡು ಗುಟುಕರಿಸಬೇಕು. ಇದು ನನಗೆ ಆಮೇಲೆ ಗೊತ್ತಾಯಿತು. ನಾನು ಮನೆಯಲ್ಲಿ ಕುಡಿಯುವ ಹಾಗೆ ಎತ್ತಿದೆ. ಅರ್ಧ ಮೂಗಿಗೆ, ಅರ್ಧ ಕಿವಿಗೆ. ಡಾಕ್ಟರ್ ಮಾತ್ರ ಒಂದು ಮೇಜನ್ನೂ ಬಿಡಲಿಲ್ಲ, ನಿಂತು ಎರಡೆರಡು ಲೋಟ ಕುಡಿದ. ಎಂಟನೇ ಕಿಲೋಮೀಟರಿನಲ್ಲಿ ಫೋನ್ ತೆಗೆದು ನೋಡಿ ಹೌಹಾರಿದ. "ಜಾಸ್ತಿ ನೀರು ಕುಡಿದರೂ ಅಪಾಯ ಅಂತೆ ಕಣ್ರೋ, ರಕ್ತದಲ್ಲಿ ಸೋಡಿಯಂ ಇಳಿಯುತ್ತೆ!" ಸೋಡಿಯಂ ಇಳಿಯಿತೋ ಇಲ್ಲವೋ, ಅವನು ಒಂಬತ್ತನೇ ಕಿಲೋಮೀಟರಿನಲ್ಲಿ ಮತ್ತೆ ಸಾಲು ಹುಡುಕಬೇಕಾಯಿತು. ಕ್ಯಾಪ್ಟನ್, ನಾನು ಹೊರಗೆ ಕಾದು ನಿಂತೆವು. ಆಗಲೇ ಗಡಿಯಾರ ನೋಡಿ ನಾನು ಒಂದು ಲೆಕ್ಕ ಹಾಕಿದ್ದು. ಉಗಾಂಡದ ಜೇಕಬ್ ಕಿಪ್ಲಿಮೊ 2021ರಲ್ಲಿ ಲಿಸ್ಬನ್‌ನಲ್ಲಿ ಇಷ್ಟೂ ದೂರವನ್ನು 57 ನಿಮಿಷ 31 ಸೆಕೆಂಡಿನಲ್ಲಿ ಮುಗಿಸಿದ್ದಾರೆ. ನಮಗೆ ಅದಕ್ಕಿಂತ ಅರ್ಧ ಗಂಟೆ ಜಾಸ್ತಿಯೇ ಆಗಿತ್ತು, ಮತ್ತು ನಾವು ಇನ್ನೂ ಶೌಚಾಲಯದ ಹತ್ತಿರ ಇದ್ದೆವು.

ಹಲ್ಲು ಬಂದದ್ದು ಹನ್ನೆರಡನೇ ಕಿಲೋಮೀಟರಿನಲ್ಲಿ. ದಾನಕ್ಕಾಗಿ ಓಡುವವರಲ್ಲಿ ವೇಷ ಹಾಕುವವರು ಬಹಳ. ಇದು ಆಳೆತ್ತರದ ದವಡೆ ಹಲ್ಲು. ಬಿಳಿ ಸ್ಪಂಜಿನದು, ಕೆಳಗೆ ಎರಡು ಬೇರು, ಆ ಬೇರುಗಳಿಂದ ಎರಡು ಕಾಲು. ಪಕ್ಕದಲ್ಲಿ ಬ್ರಷ್ ವೇಷದ ಇನ್ನೊಬ್ಬ. ನಾವು ಮೂವರೂ ಹಲ್ಲು ಕಚ್ಚಿಕೊಂಡು ಓಡುತ್ತಿದ್ದರೆ ಹಲ್ಲೇ ನಮ್ಮನ್ನು ದಾಟಿ ಹೋಯಿತು. ಹೋಗುತ್ತಾ "ಚೆನ್ನಾಗಿ ಓಡ್ತಿದ್ದೀರಿ!" ಅಂತ ಬೇರೆ ಹೇಳಿತು. ಕ್ಯಾಪ್ಟನ್ನಿಗೆ ಸ್ವಾಭಿಮಾನ ಕೆರಳಿತು. ಹಲ್ಲಿನ ಹಿಂದೆ ಇನ್ನೂರು ಮೀಟರ್ ಬಿಟ್ಟಬಾಣದ ಹಾಗೆ ಓಡಿದ. ಆಮೇಲೆ ಒಂದು ಕಂಬ ಹಿಡಿದುಕೊಂಡು ನಮಗಾಗಿ ಕಾದ.

ಡಾಕ್ಟರ್ ನಮಗೆಲ್ಲ ಕಲಿಸಿದ ಮೊದಲ ಪಾಠ, ಓಟದ ದಿನ ಹೊಸದೇನನ್ನೂ ಹಾಕಬಾರದು ಅಂತ. ಹದಿನೈದನೇ ಕಿಲೋಮೀಟರಿನಲ್ಲಿ ಅವನು ಕುಂಟಲು ಶುರುಮಾಡಿದ. ನೋಡಿದರೆ ಕಾಲಲ್ಲಿ ಹೊಚ್ಚಹೊಸ ಶೂ. "ಆಫರ್ ಇತ್ತು ಕಣೋ" ಅಂದ. ರಸ್ತೆ ಪಕ್ಕ ಕೂತು ಶೂ ಬಿಚ್ಚಿದ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಅವನೂ ಬೊಬ್ಬೆ ಹಾಕಿದ. ಪ್ರಥಮ ಚಿಕಿತ್ಸೆಯವರು ಬಂದು ಪಟ್ಟಿ ಹಚ್ಚಿದರು. ಅಷ್ಟು ಹೊತ್ತಿಗೆ ಬಾವುಟ ಹಿಡಿದು ಒಂದೇ ವೇಗದಲ್ಲಿ ಓಡುತ್ತಾ ಮಿಕ್ಕವರಿಗೆ ವೇಗ ತೋರಿಸಿಕೊಡುವ ಪೇಸರ್, ಹಿಂದೆ ಒಂದು ಹಿಂಡು ಜನರನ್ನು ಕಟ್ಟಿಕೊಂಡು, ನಮ್ಮನ್ನು ಕುರಿಮರಿಗಳ ಹಾಗೆ ಒಮ್ಮೆ ನೋಡಿ, ಮುಂದೆ ಹೋದರು.

ಅಲ್ಲಿಂದಾಚೆಗಿನದನ್ನು ಓಟ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಫೋಟೋಗ್ರಾಫರ್ ಕಂಡಾಗ ಮಾತ್ರ ಮೂವರೂ ಓಡುತ್ತಿದ್ದೆವು. ಐವತ್ತು ಹೆಜ್ಜೆ, ಎದೆ ಮುಂದೆ, ಮುಖದಲ್ಲಿ ನಗು. ಕ್ಯಾಮೆರಾ ದಾಟಿದ ಕೂಡಲೇ ಮತ್ತೆ ನಡಿಗೆ. ಹಿಂದೆ ತಿರುಗಿ ನೋಡಿದರೆ ದೂರದಲ್ಲಿ ಒಂದು ಬಸ್ಸು. ಮೂರೂವರೆ ಗಂಟೆಯಲ್ಲಿ ಮುಗಿಸಲಾಗದವರನ್ನು ಗುಡಿಸಿ ತುಂಬಿಕೊಳ್ಳುವ ಬಸ್ಸು ಅದು. ಮೆಲ್ಲಗೆ, ಏನೂ ಅವಸರವಿಲ್ಲದೆ ಬರುತ್ತಿತ್ತು. ಜೀವನವಿಡೀ ಬಸ್ಸಿನ ಹಿಂದೆ ಓಡಿದವನು ನಾನು. ಬಸ್ಸು ನನ್ನ ಹಿಂದೆ ಬಂದದ್ದು ಅದೇ ಮೊದಲು.

"ಒಳಗೆ ಸೀಟಿದೆ ಅನ್ಸುತ್ತೆ" ಅಂದ ಡಾಕ್ಟರ್ ಆಸೆಯಿಂದ.

ನನಗೂ ಆಸೆಯಾಯಿತು. ಆದರೆ ಕಣ್ಣ ಮುಂದೆ ರಾಯರು, ಅವರ ಕ್ಯಾಲ್ಕುಲೇಟರ್, 'ಹದಿನೇಳಕ್ಕೆ ನಿಂತ್ರಾ?' ಎಂಬ ಪ್ರಶ್ನೆ. ಲಿಫ್ಟಿನಲ್ಲಿ ಸಿಗುವ ಎಲ್ಲರ ಮುಖ. ಕಾಲು ಯಾವಾಗಲೋ ನಿಂತಿತ್ತು. ಅಲ್ಲಿಂದ ಓಡಿದ್ದು ಮರ್ಯಾದೆ ಒಂದೇ.

ಇಪ್ಪತ್ತನೇ ಕಿಲೋಮೀಟರಿನ ಬೋರ್ಡ್ ಬಂದಾಗ ಡಾಕ್ಟರ್ ನಿಂತುಬಿಟ್ಟ. "ನ್ಯಾಯವಾಗಿ ಇಲ್ಲೇ ಮುಗೀಬೇಕಿತ್ತು" ಅಂದ. ಓದಿಕೊಂಡು ಬಂದಿದ್ದ ಅವನು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಹತ್ತಿರ ಹತ್ತಿರ 40 ಕಿಲೋಮೀಟರ್ ಇತ್ತಂತೆ. 1908ರಲ್ಲಿ ಲಂಡನ್‌ನಲ್ಲಿ ಓಟ ವಿಂಡ್ಸರ್ ಅರಮನೆಯ ಅಂಗಳದಲ್ಲಿ ಶುರುವಾಗಿ, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆಯೇ ಮುಗಿಯಬೇಕಿತ್ತು. ಹಾಗೆ ಅಳೆದು ಬಂದದ್ದು 42.195. 1921ರಲ್ಲಿ ಅದನ್ನೇ ಎಲ್ಲರಿಗೂ ಗಂಟುಹಾಕಿದರು. "ಅಂದ್ರೆ ಇನ್ನು ಉಳಿದಿರೋ ಒಂದು ಚಿಲ್ಲರೆ ಕಿಲೋಮೀಟರು ರಾಜರ ಮನೆಯವರಿಗೋಸ್ಕರ!" ಅಂತ ಅವನು ನಡುರಸ್ತೆಯಲ್ಲಿ ಕೂಗಿದ. ಪಕ್ಕದಲ್ಲಿ ಓಡುತ್ತಿದ್ದ ಅಜ್ಜಿಯೊಬ್ಬರು ಬೆಚ್ಚಿ ವೇಗ ಹೆಚ್ಚಿಸಿಕೊಂಡರು.

ಗೆರೆ ಕಾಣಿಸುವ ಹೊತ್ತಿಗೆ ಅವನ ಮೀನಖಂಡ ಹಿಡಿದುಕೊಂಡಿತು. ಬೀಳುವ ಹಾಗಾದ. ಕ್ಯಾಪ್ಟನ್, ನಾನು ಎರಡೂ ಕಡೆಯಿಂದ ರಟ್ಟೆ ಹಿಡಿಯಲು ಹೋದರೆ ಕಿರುಚಿದ: "ಮುಟ್ಟಬೇಡ್ರೋ! ಡೊರಾಂಡೊ ಗತಿ ಆಗುತ್ತೆ!" ಅದೇ 1908ರ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಸ್ಟೇಡಿಯಮ್ಮಿಗೆ ಎಲ್ಲರಿಗಿಂತ ಮೊದಲು ಬಂದ. ದಣಿದು ತಪ್ಪು ದಿಕ್ಕಿಗೆ ಹೊರಟ, ಮತ್ತೆ ಮತ್ತೆ ಬಿದ್ದ. ಅಧಿಕಾರಿಗಳು ಎತ್ತಿ ಗೆರೆ ದಾಟಿಸಿದರು. ಬೇರೆಯವರ ಸಹಾಯ ಪಡೆದ ಎಂದು ಅವನ ಗೆಲುವನ್ನೇ ಕಿತ್ತುಕೊಂಡರು. ಮಾರನೇ ದಿನ ರಾಣಿ ಅಲೆಕ್ಸಾಂಡ್ರಾ ಮರುಕದಿಂದ ಒಂದು ಕಪ್ ಕೊಟ್ಟಳು. "ಲೋ, ಅವನು ಮೊದಲನೆಯವನು. ನೀನು ಹಿಂದಿನಿಂದ ಮೂವತ್ತನೆಯವನು. ನಿನ್ನಿಂದ ಕಿತ್ಕೊಳ್ಳೋಕೆ ಏನಿದೆಯೋ?" ಅಂದ ಕ್ಯಾಪ್ಟನ್. ಕೇಳಲಿಲ್ಲ. ಏಡಿಯ ಹಾಗೆ ಅಡ್ಡಡ್ಡ ನಡೆದೇ ಗೆರೆ ದಾಟಿದ.

3 ಗಂಟೆ 17 ನಿಮಿಷ. ಆಚೆ ಮೌನಿ ಮೆಡಲ್ ಹಾಕಿಕೊಂಡು, ಬೆಳ್ಳಿ ಬಣ್ಣದ ಹಾಳೆ ಹೊದ್ದು ಕೂತಿದ್ದಳು. ಅವಳು ಬಂದು ಒಂದು ಗಂಟೆಯಾಗಿತ್ತು. "ಹಲ್ಲು ನಿಮ್ಮನ್ನ ಕೇಳ್ತಿತ್ತು" ಅಂದಳು. ಆ ಇಡೀ ದಿನ ಅವಳು ಆಡಿದ ಮಾತು ಅದೊಂದೇ.

ಫೋಟೋಗಳು ಎರಡು ದಿನದ ನಂತರ ಬಂದವು. ಗೆರೆ ದಾಟುವ ಚಾರಿತ್ರಿಕ ಕ್ಷಣದಲ್ಲಿ ನಾನು ತಲೆ ಬಗ್ಗಿಸಿ ಕೈಗಡಿಯಾರದ ಗುಂಡಿ ಒತ್ತುತ್ತಿದ್ದೇನೆ. ಯಾರೋ ಬಸ್ಸು ತಪ್ಪಿಸಿಕೊಂಡು ಟೈಮ್ ನೋಡುತ್ತಿರುವ ಹಾಗಿದೆ.

ಅದೇ ದಿನ ದಾಖಲೆ ತೆಗೆದುಕೊಂಡು ರಾಯರ ಮನೆಗೆ ಹೋದೆ. ಲಿಫ್ಟ್ ಕೆಟ್ಟಿತ್ತು. ಕೆಡದೆ ಇರುತ್ತದೆಯೇ? ಅವರು ಸರ್ಟಿಫಿಕೇಟ್ ನೋಡಿದರು. ಗಡಿಯಾರವನ್ನೂ ಕೇಳಿ ಪಡೆದು ನೋಡಿದರು. "ಇದರಲ್ಲಿ 21.0975 ಅಂತಿದೆ, ಅದರಲ್ಲಿ 21.64. ಯಾವುದು ಸರಿ?" ಅಂದರು. ಓಟದ ದಾರಿಯನ್ನು ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿದ ಸೈಕಲ್ಲಿನಲ್ಲಿ ಅಳೆಯುತ್ತಾರೆ, ತಿರುವುಗಳಲ್ಲಿ ರಸ್ತೆಯಂಚಿಗೆ 30 ಸೆಂಟಿಮೀಟರ್ ಬಿಟ್ಟು ಅತಿ ಹತ್ತಿರದ ಗೆರೆ ಹಿಡಿಯುತ್ತಾರೆ, ಕಮ್ಮಿಯಾಗದಿರಲಿ ಅಂತ ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿಯನ್ನೂ ಸೇರಿಸುತ್ತಾರೆ, ಎತ್ತರದ ಕಟ್ಟಡಗಳ ನಡುವೆ ಗಡಿಯಾರದ ಜಿಪಿಎಸ್ ತಪ್ಪು ಲೆಕ್ಕ ಹಾಕುತ್ತದೆ ಎಂದು ಡಾಕ್ಟರ್ ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿದೆ. ರಾಯರು ಗಮನವಿಟ್ಟು ಕೇಳಿದರು.

"ಅಂದ್ರೆ ಉಳಿದ ಅರ್ಧ ಕಿಲೋಮೀಟರು ನೀವು ಅಡ್ಡಾದಿಡ್ಡಿ ಓಡಿದ್ದು" ಅಂದರು. "ಅದಕ್ಕೆ ನಾನು ಕೊಡಲ್ಲ."

21.0975ಕ್ಕೆ ಗುಣಿಸಿ, ಪೈಸೆ ಸಮೇತ ಚೆಕ್ ಬರೆದರು. ಕನ್ನಡಕ ತೆಗೆದರು. ಮೊದಲ ಸಲ ನಕ್ಕರು. "ಭೇಷ್ ಕಣ್ರೀ. ಮುಂದಿನ ವರ್ಷ ಫುಲ್ ಓಡಿ. ಕಿಲೋಮೀಟರಿಗೆ ಡಬಲ್ ಕೊಡ್ತೀನಿ."

ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಅವರ ಸೋಫಾ ಬಹಳ ತಗ್ಗಿನದು. ಮೂರು ಸಲ ಪ್ರಯತ್ನಿಸಿದೆ. ಕೊನೆಗೆ ಅವರೇ ಬಂದು ಕೈ ಹಿಡಿದು ಎಬ್ಬಿಸಿದರು. ಹಿಡಿದ ಕೈಯನ್ನು ಬಿಡದೆ, "ಹಾಗಾದ್ರೆ ಒಪ್ಕೊಂಡ್ರಿ ಅಂತಾಯ್ತು" ಅಂದರು.