ಹೆವಿಲಿ ಅಂದರೆ ಬರೀ ‘ಭಾರವಾಗಿ’ ಅಲ್ಲ

ಒಂದು ಇಂಗ್ಲಿಷ್ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಗ ತೀರಿಹೋದ ಸುದ್ದಿ ಕೇಳಿ ತಾಯಿ ಕುರ್ಚಿಯಲ್ಲಿ ‘ಹೆವಿಲಿ’ ಕೂತಳು ಅಂತ ಅದರಲ್ಲಿದೆ. ಮೊದಲು ‘ಭಾರವಾಗಿ ಕುಳಿತಳು’ ಅಂತ ಬರೆದಿದ್ದೆ. ಬೆಳಿಗ್ಗೆ ಎದ್ದು ಓದಿದರೆ ಆ ತಾಯಿಯ ಸಂಕಟ ಎಲ್ಲೂ ಇಲ್ಲ, ಬರೀ ಮೈತೂಕ ಇದೆ. ಹೊಡೆದುಹಾಕಿ ‘ಕುಸಿದು ಕೂತಳು’ ಅಂತ ಮಾಡಿದೆ. ಆಗ ಜೀವ ಬಂತು.

ಆಮೇಲೆ ಈ ಪದ ತಲೆಯಿಂದ ಹೋಗಲೇ ಇಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದು ‘ಹೆಫಿಗ್ಲಿಚೆ’. ‘ಹೆವಿ’ ಹುಟ್ಟಿದ್ದು ಎತ್ತುವುದು ಅನ್ನುವ ಅರ್ಥದ ಪದದಿಂದ, ಈಗಿನ ‘ಹೀವ್’ ಕೂಡ ಅದರ ಮನೆಯದ್ದೇ. ಬಾಲದ ‘ಲಿ’ ಒಂದು ಕಾಲಕ್ಕೆ ಮೈ, ಆಕಾರ ಅನ್ನುವ ಪದವಾಗಿತ್ತು. ಎತ್ತಲು ಹೋದವರಿಗೇ ತೂಕ ಗೊತ್ತಾಗುವುದು, ನಮ್ಮಲ್ಲೂ ಹಾಗೇ ಅಲ್ವಾ? ಹೊರುವುದರಿಂದ ಹೊರೆ. ಸಂಸ್ಕೃತದಿಂದ ಬಂದ ‘ಭಾರ’ದ ಮೂಲವೂ ಹೊರುವುದೇ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಸಮುದ್ರದ ನಡುವೆ ಗಾಲಿ ಕಳಚಿದ, ಈಜಿಪ್ಟಿನ ದೊರೆ ಫರೋಹನ ರಥಗಳು ‘ಹೆವಿಲಿ’ ಸಾಗುತ್ತವೆ. ಅಲ್ಲಿ ಅದಕ್ಕೆ ಏಗಲಾರದೆ ಏಗುತ್ತಾ ಅಂತ ಅರ್ಥ.

ನಮ್ಮಜ್ಜಿ ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ತಂದು, ಕೊಟ್ಟಿಗೆ ಮುಂದೆ ಇಳಿಸಿ, ತಲೆ ಮೇಲಿನ ಸಿಂಬೆ ತೆಗೆದು ಕೊಡವಿ, ಜಗಲಿ ಮೇಲೆ ‘ಉಸ್ಸಪ್ಪಾ’ ಅಂತ ಕೂರುತ್ತಿದ್ದಳು. ಅದೂ ಹೆವಿಲಿ ಕೂರುವುದೇ. ಆದರೆ ಆ ಕತೆಯ ತಾಯಿ ಕೂತದ್ದೇ ಬೇರೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ ಸಾಕು, ಕನ್ನಡಕ್ಕೆ ಸಾಲದು.

ನಮಗೆ ಹೆವಿಲಿ ಉಸಿರಾಡುವುದು ಏದುಸಿರು. ಹೆವಿಲಿ ಕುಡಿದವನು ಕಂಠಪೂರ್ತಿ ಕುಡಿದವನು. ಸಾಲ ಹೆವಿಲಿ ಆದರೆ ಕುತ್ತಿಗೆವರೆಗೂ ಸಾಲ. ಹೆವಿಲಿ ಪ್ರೆಗ್ನೆಂಟ್ ಅಂದರೆ ತುಂಬು ಬಸುರಿ, ಎಷ್ಟು ಚೆಂದದ ಮಾತು ಅದು, ಅಲ್ಲಿ ಹೊರೆಯ ಸುಳಿವೇ ಇಲ್ಲ, ತುಂಬಿರುವುದು ಮಾತ್ರ ಇದೆ! ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ‘ಭಾರಿಯಾಗಿ ಅವಲಂಬಿಸಿದೆ’, ‘ಭಾರವಾಗಿ ಉಸಿರಾಡಿದ’ ಅಂತ ಯಾಕೆ ಬರೆಯುತ್ತೇವೆ? ಓದಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಮಳೆಯ ವಿಷಯ ಸ್ವಲ್ಪ ಬೇರೆ. ಹವಾಮಾನ ಇಲಾಖೆಗೆ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ ಮಳೆ’, 115.6 ಆದರೆ ‘ಅತಿ ಭಾರಿ’. ಅದು ಅಳತೆಯ ಮಾತು, ಅಲ್ಲಿ ಅದೇ ಇರಬೇಕು. ಕತೆಯಲ್ಲಿ ಮಾತ್ರ ಮಳೆ ಧೋ ಅಂತ ಸುರಿಯಲಿ.

ನನ್ನ ಕತೆಯಲ್ಲಿ ಇನ್ನೊಂದು ಹೆವಿಲಿ ಉಳಿದಿದೆ. ಸಾವಿನ ಮನೆಯಲ್ಲಿ ಮೌನ ‘ಹೆವಿಲಿ’ ಕವಿದಿತ್ತು ಅಂತ. ‘ಬಿಕೋ ಅನ್ನುತ್ತಿತ್ತು’ ಅಂತ ಬರೆದು ನೋಡಿದೆ, ಸರಿ ಬರಲಿಲ್ಲ. ಬಿಕೋ ಅನ್ನುವುದು ಖಾಲಿ ಮನೆ. ಇಲ್ಲಿ ಮನೆ ತುಂಬ ಜನ ಇದ್ದಾರೆ, ಯಾರೂ ಮಾತಾಡುತ್ತಿಲ್ಲ. ನಿಮ್ಮ ಊರ ಕಡೆ ಇದಕ್ಕೆ ಏನನ್ನುತ್ತೀರಿ? ಗೊತ್ತಿದ್ದವರು ದಯವಿಟ್ಟು ಹೇಳಿ.